ಎರಡು ಪಂಕ್ತಿಯ ನಡುವೆ ಒಬ್ಬ ಎಂಜಿನಿಯರ್: ಫಜ್ಲುರ್ ರಹಮಾನ್ ಖಾನ್ ಪ್ರಕರಣ

ನಮ್ಮ ಆಫೀಸಿನ ಹಿರಿಯ ಎಂಜಿನಿಯರೊಬ್ಬರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ಎರಡು ಪಂಕ್ತಿ ಹಾಕಿದ್ದರು. ಒಂದರಲ್ಲಿ ನೆಂಟರು, ಇನ್ನೊಂದರಲ್ಲಿ ಆಫೀಸಿನವರು. ನೆಂಟರ ಸಾಲಿನ ಮಾತೇ ಬೇರೆ: ಎಪ್ಪತ್ತರ ವಯಸ್ಸಿನಲ್ಲಿ ಮೊಮ್ಮಗನ ಸೈಕಲ್ ಹಿಡಿದುಕೊಂಡು ಬೀದಿಯುದ್ದ ಓಡಿದ್ದು, ತಂಗಿಯ ಮದುವೆಗೆಂದು ಪಿಎಫ್ ದುಡ್ಡು ತೆಗೆದದ್ದು, ಕೊತ್ತಂಬರಿ ಸೊಪ್ಪಿನ ಕಟ್ಟನ್ನೂ ಬಿಚ್ಚಿ ನೋಡಿಯೇ ಕೊಳ್ಳುತ್ತಿದ್ದದ್ದು. ಆಫೀಸಿನವರ ಸಾಲಿನಲ್ಲಿ ಇನ್ನೊಬ್ಬರೇ ಮನುಷ್ಯ ತೀರಿಕೊಂಡಿದ್ದರು: ಕಾಂಕ್ರೀಟ್ ಹಾಕುವ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಕಂಬಿ ಎಣಿಸಿದವರು, ಗುತ್ತಿಗೆದಾರರ ಕಾಫಿಯನ್ನೂ ಕುಡಿಯದವರು. ಎರಡೂ ಪಂಕ್ತಿಗೆ ಒಂದೇ ಹೋಳಿಗೆ ಬಡಿಸಿದರು. ಮಾತು ಮಾತ್ರ ಆ ಸಾಲಿನಿಂದ ಈ ಸಾಲಿಗೆ ದಾಟಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ಅವರ ಮಗಳು ಸಿಕ್ಕಳು. "ಅಂಕಲ್, ಅಪ್ಪನ ನೆನಪಿಗೆ ಒಂದು ಚಿಕ್ಕ ಪುಸ್ತಕ ಮಾಡ್ತಿದೀವಿ. ಮನೆ ವಿಷಯ ನಾವೇ ಬರೀತೀವಿ. ಕೆಲಸದ ಬಗ್ಗೆ ಎರಡು ಪುಟ ನೀವು ಬರ್ಕೊಡಿ. ಅವರು ಬೆಳಗ್ಗೆ ಹೋಗಿ ರಾತ್ರಿ ಬರ್ತಿದ್ರು ಅನ್ನೋದು ಬಿಟ್ರೆ ನಮಗೇನೂ ಗೊತ್ತಿಲ್ಲ."

ನಾನು ಅವರ ಕೈಕೆಳಗೆ ಪಳಗಿದವನು. ಎರಡು ಪುಟ ಎಷ್ಟರದು ಎಂದು ಅಂದೇ ರಾತ್ರಿ ಕೂತೆ. "ಸರಳ ಜೀವಿ, ಶಿಸ್ತಿನ ಸಿಪಾಯಿ, ಅಜಾತಶತ್ರು, ಕಾಯಕವೇ ಕೈಲಾಸ ಎಂದು ಬದುಕಿದವರು." ಬೆಳಗ್ಗೆ ಎದ್ದು ಓದಿದರೆ ನಾಚಿಕೆಯಾಯಿತು. ಹೆಸರೊಂದನ್ನು ಬದಲಿಸಿದರೆ ಅದೇ ಪುಟ ಯಾವುದೇ ಬ್ಯಾಂಕ್ ಮ್ಯಾನೇಜರಿಗೆ, ಹೆಡ್ಮಾಸ್ತರಿಗೆ, ಪಂಚಾಯಿತಿ ಅಧ್ಯಕ್ಷರಿಗೆ ಒಪ್ಪುತ್ತಿತ್ತು. ಮೂವತ್ತೈದು ವರ್ಷ ಆ ಮನುಷ್ಯ ಏನು ಮಾಡಿದರು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ.

ಹೀಗೆ ಸಿಕ್ಕಿಬಿದ್ದಾಗ ನಮ್ಮ ಕಸುಬಿನವರು ಮಾಡುವುದು ಒಂದೇ. ಇಂಥ ಕೆಲಸ ಹಿಂದೆ ಎಲ್ಲಾದರೂ ಆಗಿದೆಯೇ, ಆಗಿದ್ದರೆ ಅದು ನಿಂತದ್ದು ಹೇಗೆ ಎಂದು ಹಳೆಯ ನಕ್ಷೆ ತೆಗೆದು ನೋಡುತ್ತೇವೆ. ನಾನು ತೆಗೆದುಕೊಂಡ ಹಳೆಯ ನಕ್ಷೆ ಫಜ್ಲುರ್ ರಹಮಾನ್ ಖಾನ್ ಅವರದು. ಶಿಕಾಗೊದ ಗಗನಚುಂಬಿ ಕಟ್ಟಡಗಳ ಲೆಕ್ಕ ಹಾಕಿದ, ಮನೆಯವರೂ ಆಫೀಸಿನವರೂ ಸಮನಾಗಿ ಪ್ರೀತಿಸಿದ ಎಂಜಿನಿಯರ್ ಅವರು. ಸತ್ತು ನಲವತ್ತು ವರ್ಷ ಕಳೆದ ಮೇಲೂ ಎರಡೂ ಕಡೆಯ ನೆನಪು ಒಂದಕ್ಕೊಂದು ಹೆಣೆದುಕೊಂಡು ನಿಂತಿರುವ ಅಪರೂಪದ ಪ್ರಕರಣ ಅವರದು. ಅಂಥದ್ದು ಹೇಗಾಯಿತು ಎಂಬುದಷ್ಟೇ ನನ್ನ ಕುತೂಹಲ.

ಏನಾಯಿತು

1982ರ ಮಾರ್ಚ್ 27ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ, ಕೆಲಸದ ಮೇಲೆ ಹೋಗಿದ್ದಾಗ, ಖಾನ್ ಅವರಿಗೆ ಹೃದಯಾಘಾತವಾಯಿತು. ಇನ್ನೊಂದು ವಾರ ಕಳೆದಿದ್ದರೆ, ಏಪ್ರಿಲ್ 3ಕ್ಕೆ, ಐವತ್ತಮೂರು ತುಂಬುತ್ತಿತ್ತು. ಶಿಕಾಗೊದ ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಲೂಯಿ ಸಲಿವನ್, ಮೀಸ್ ವಾನ್ ಡೆರ್ ರೋ ಅವರಂಥ ವಾಸ್ತುಶಿಲ್ಪಿಗಳು ಮಲಗಿರುವ ಜಾಗ ಅದು. ಆ ಊರಿನ ಬಾನಿನ ಅಂಚು ಯಾರ ಕೈಯಲ್ಲಿ ರೂಪುಗೊಂಡಿತು ಎಂದು ತಿಳಿಯಬೇಕಾದವರು ಆ ಸ್ಮಶಾನವನ್ನೊಂದು ಸುತ್ತು ಹಾಕಿದರೆ ಸಾಕು.

ಅವರು ಹುಟ್ಟಿದ್ದು 1929ರಲ್ಲಿ, ಢಾಕಾದಲ್ಲಿ. ತಂದೆ ಗಣಿತದ ಮೇಷ್ಟರು, ಪಠ್ಯಪುಸ್ತಕ ಬರೆದವರು, ಶಿಕ್ಷಣ ಇಲಾಖೆಯಲ್ಲಿ ಮೇಲಿನವರೆಗೆ ಏರಿದವರು. ಮಗ ಕಲ್ಕತ್ತೆಯ ಹತ್ತಿರದ ಶಿಬ್‌ಪುರ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ. ದೇಶ ಒಡೆದದ್ದು, ಆಮೇಲಿನ ಗಲಭೆಗಳು, ಇವುಗಳ ನಡುವೆ ಓದು ಮುಗಿದದ್ದು ಮತ್ತೆ ಢಾಕಾದಲ್ಲಿ. 1952ರಲ್ಲಿ ವಿದ್ಯಾರ್ಥಿವೇತನ ಹಿಡಿದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದ ಹುಡುಗ ಮೂರೇ ವರ್ಷದಲ್ಲಿ ಎರಡು ಸ್ನಾತಕೋತ್ತರ ಪದವಿ, ಒಂದು ಪಿಎಚ್‌ಡಿ ಮುಗಿಸಿ 1955ರಲ್ಲಿ ಶಿಕಾಗೊದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಎಂಬ ಕಟ್ಟಡ ವಿನ್ಯಾಸದ ಕಂಪನಿ ಸೇರಿದ. ನಡುವೆ ಕೆಲ ಕಾಲ ಕರಾಚಿಯಲ್ಲಿ ಸರ್ಕಾರಿ ಕೆಲಸ ಮಾಡಿದ್ದುಂಟು. 1960ರಲ್ಲಿ ಶಿಕಾಗೊಗೆ ಮರಳಿದವರು ಕೊನೆಯವರೆಗೂ ಅದೇ ಕಂಪನಿಯಲ್ಲಿದ್ದರು.

ಪದವಿಗಳ ಪಟ್ಟಿಗೆ ಇಷ್ಟು ಸಾಕು. ಶ್ರದ್ಧಾಂಜಲಿ ಬರೆಯುವವರು ಜಾರುವುದು ಇಲ್ಲೇ. ಓದಿದ್ದೆಲ್ಲಿ, ಯಾವ ವರ್ಷ ಬಡ್ತಿ, ಯಾವ ವರ್ಷ ನಿವೃತ್ತಿ ಎಂದು ಬರೆಯುತ್ತ ಹೋದರೆ ಬದುಕಲ್ಲ, ಸೇವಾ ಪುಸ್ತಕ ಸಿದ್ಧವಾಗುತ್ತದೆ.

ಮಾಡಿದ್ದೇನು

ಖಾನ್ ಅವರ ಕೆಲಸವನ್ನು ಎಂಜಿನಿಯರ್ ಅಲ್ಲದವರಿಗೆ ಹೇಳಲು ಸಾಧ್ಯವೇ? ಆಗದಿದ್ದರೆ ನನ್ನ ಎರಡು ಪುಟವೂ ಆಗುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಎತ್ತರದ ಕಟ್ಟಡ ಎಂದೊಡನೆ ಎಲ್ಲರೂ ಭಾರದ ಬಗ್ಗೆ ಯೋಚಿಸುತ್ತಾರೆ. ಭಾರ ಅಂಥ ದೊಡ್ಡ ಸಂಗತಿಯಲ್ಲ. ಅಂತಸ್ತು ಎರಡರಷ್ಟಾದರೆ ಭಾರವೂ ಸುಮಾರಾಗಿ ಎರಡರಷ್ಟಾಗುತ್ತದೆ, ಲೆಕ್ಕ ಮುಗಿಯಿತು. ಕಾಡುವುದು ಗಾಳಿ. ಒಂದೇ ಹದದಲ್ಲಿ ಬೀಸುವ ಗಾಳಿಗೆ, ಕಟ್ಟಡದ ಎತ್ತರ ಎರಡರಷ್ಟಾದರೆ ಬುಡದಲ್ಲಿ ಬಗ್ಗಿಸುವ ಬಲ ನಾಲ್ಕರಷ್ಟು. ಕಟ್ಟಡದ ಅಗಲ, ದಪ್ಪ ಹಾಗೇ ಇದ್ದರೆ ತುದಿ ವಾಲುವುದು ಹದಿನಾರರಷ್ಟು. ಹಾಗಾಗಿ ಎತ್ತರ ಏರಿದಂತೆ ಪ್ರತಿ ಅಂತಸ್ತಿಗೂ ಬೇಕಾಗುವ ಉಕ್ಕು ಹೆಚ್ಚುತ್ತ ಹೋಗಿ, ಒಂದು ಹಂತದಲ್ಲಿ ಮಾಲೀಕ ಕೈಮುಗಿದು ಸಾಕು ಎನ್ನುತ್ತಾನೆ. ಎತ್ತರಕ್ಕೆ ತೆರಬೇಕಾದ ದಂಡ ಇದು.

ಖಾನ್ ಅವರ ಯೋಚನೆಯನ್ನು ನಮ್ಮವರಿಗೆ ಹೇಳಲು ಒಂದು ಬಿದಿರು ಸಾಕು. ಬಿದಿರಿನೊಳಗೆ ಏನೂ ಇಲ್ಲ. ಇರುವುದೆಲ್ಲ ಹೊರಗಿನ ಗೋಡೆಯಲ್ಲಿ. ಆದರೂ ಮಲೆನಾಡಿನ ಗಾಳಿಮಳೆಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹಳೆಯ ಪದ್ಧತಿಯಲ್ಲಿ ಕಟ್ಟಡದ ಹೊಟ್ಟೆಯ ತುಂಬ ಕಂಬ, ತೊಲೆಗಳ ಪಂಜರ ಇರುತ್ತಿತ್ತು. ಇವರು ಕಂಬಗಳನ್ನು ಹೊರಗೋಡೆಗೆ ತಂದು ಒತ್ತೊತ್ತಾಗಿ ನಿಲ್ಲಿಸಿ, ಇಡೀ ಕಟ್ಟಡವನ್ನು ನೆಲದಲ್ಲಿ ನೆಟ್ಟ ಒಂದು ಕೊಳವೆಯಂತೆ ಮಾಡಿದರು. 1960ರ ದಶಕದ ಮಧ್ಯದಲ್ಲಿ ಶಿಕಾಗೊದಲ್ಲಿ ಎದ್ದ 43 ಅಂತಸ್ತಿನ ಡಿವಿಟ್–ಚೆಸ್ಟ್‌ನಟ್ ವಸತಿ ಕಟ್ಟಡ ಈ ಬಗೆಯ ಮೊದಲನೆಯದು.

ಮುಂದಿನದು ಜಾನ್ ಹ್ಯಾನ್ಕಾಕ್ ಸೆಂಟರ್. ನೂರು ಅಂತಸ್ತು, 344 ಮೀಟರ್. ಮೊದಲ ಯೋಜನೆಯಲ್ಲಿ ಮನೆಗಳಿಗೊಂದು, ಕಚೇರಿಗಳಿಗೊಂದು, ಹೀಗೆ ಎರಡು ಕಟ್ಟಡ ಇದ್ದವು. ಎರಡನ್ನೂ ಒಂದರ ಮೇಲೊಂದು ಪೇರಿಸಿದರು. ಕೆಳಗೆ ಅಂಗಡಿ, ಕಾರು ನಿಲುಗಡೆ, ಕಚೇರಿ. ಮೇಲೆ ಮನೆ. ಬುಡ ಅಗಲ, ತುದಿ ಕಿರಿದು. ಹೊರಮೈಗೆ ಮಾತ್ರ ಅಂತಸ್ತುಗಳ ಮೇಲೆ ಅಂತಸ್ತು ದಾಟಿ ಹೋಗುವ ಗುಣಾಕಾರ ಚಿಹ್ನೆಯಂಥ ಓರೆ ತೊಲೆಗಳು. ಕಟ್ಟಡ ಕೆಲಸ ನಡೆಯುವಲ್ಲಿ ಸಾರವೆ ಕಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೆಟ್ಟಗಿನ ಗಳ, ಅಡ್ಡಗಳ ಎಷ್ಟು ಕಟ್ಟಿದರೂ ಸಾರವೆ ತೂಗಾಡುತ್ತದೆ. ಮೇಸ್ತ್ರಿ ಒಂದು ಗಳವನ್ನು ಓರೆಯಾಗಿ ಬಿಗಿದ ಕೂಡಲೇ ಗಪ್ಪನೆ ನಿಲ್ಲುತ್ತದೆ. ಆ ಓರೆ ಗಳವನ್ನು ಖಾನ್ ನೂರು ಅಂತಸ್ತಿಗೆ ಬಿಗಿದರು, ಬಿಗಿದದ್ದನ್ನು ಮುಚ್ಚಲಿಲ್ಲ. ಅಲ್ಲಿನ ಕೆಲವು ಮನೆಗಳಲ್ಲಿ ಕಿಟಕಿಗೆ ಅಡ್ಡವಾಗಿಯೇ ಆ ತೊಲೆ ಹಾದುಹೋಗುತ್ತದೆ.

ಫಲ ಏನೆಂದರೆ, 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 206 ಕಿಲೊ ಉಕ್ಕು ಹಿಡಿದಿದ್ದರೆ ಹ್ಯಾನ್ಕಾಕ್‌ಗೆ ಹಿಡಿದದ್ದು 145 ಕಿಲೊ. ಆಮೇಲೆ ಬಂದ ಸಿಯರ್ಸ್ ಟವರ್ 110 ಅಂತಸ್ತು, 442 ಮೀಟರ್. ಅದು ಕಬ್ಬಿನ ಜಲ್ಲೆಯ ಕಟ್ಟಿನಂತೆ. 75 ಅಡಿ ಚೌಕದ ಒಂಬತ್ತು ಕೊಳವೆಗಳನ್ನು ಮೂರು ಮೂರರ ಸಾಲಿನಲ್ಲಿ ಒಟ್ಟಿಗೆ ಬಿಗಿದು ನಿಲ್ಲಿಸಿ, ಮೇಲೆ ಹೋದಂತೆ ಹಂತ ಹಂತವಾಗಿ ಕೆಲವನ್ನು ಅಲ್ಲಲ್ಲೇ ಮುಗಿಸುತ್ತ ಕೊನೆಗೆ ಎರಡನ್ನು ಮಾತ್ರ ತುದಿಯವರೆಗೆ ಬಿಟ್ಟರು. ಜೊತೆಯ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಊಟದ ಮೇಜಿನ ಬಳಿ ಒಂದು ಹಿಡಿ ಸಿಗರೇಟು ತೆಗೆದು, ಎತ್ತರ ತಗ್ಗು ಮಾಡಿ ಹಿಡಿದು ಖಾನ್‌ಗೆ ತೋರಿಸಿದರು ಎಂಬ ಕತೆ ಶಿಕಾಗೊದಲ್ಲಿ ಓಡಾಡುತ್ತದೆ. 1970ರ ದಶಕದ ಮೊದಲರ್ಧದಲ್ಲಿ ಮುಗಿದ ಆ ಕಟ್ಟಡ 1998ರಲ್ಲಿ ಕ್ವಾಲಾಲಂಪುರದ ಜೋಡಿ ಗೋಪುರ ಮೀರಿಸುವವರೆಗೆ ಲೋಕದಲ್ಲೇ ಎತ್ತರದ್ದು.

ಈ ಅಂಕಿಗಳನ್ನು ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯಾದರೂ ಒಪ್ಪಿಸುತ್ತಾನೆ. ನನಗೆ ಇವರು ಹತ್ತಿರವಾದದ್ದು ಬೇರೊಂದು ವಿವರದಿಂದ. ನೂರು ಅಂತಸ್ತಿನ ಕಟ್ಟಡ ಗಾಳಿಗೆ ಮುರಿಯದಿದ್ದರೆ ಸಾಕೇ? ತೊಂಬತ್ತನೆಯ ಅಂತಸ್ತಿನಲ್ಲಿ ರಾತ್ರಿ ಮಲಗಿದವರಿಗೆ ಅದು ತೂಗುವುದು ಗೊತ್ತಾದರೆ ಅಲ್ಲಿ ಯಾರು ಸಂಸಾರ ಮಾಡುತ್ತಾರೆ? ಎಷ್ಟು ತೂಗಿದರೆ ಮನುಷ್ಯನಿಗೆ ಗೊತ್ತಾಗುತ್ತದೆ ಎಂದು ಆಗ ಯಾವ ಪುಸ್ತಕದಲ್ಲೂ ಸರಿಯಾಗಿ ಇರಲಿಲ್ಲ. ಶಿಕಾಗೊದ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂನಲ್ಲಿ ಒಂದು ತಿರುಗುವ ಪ್ರದರ್ಶನ ವೇದಿಕೆ ಇತ್ತು. ಖಾನ್ ಅದರ ಮೇಲೆ ಜನರನ್ನು ಹತ್ತಿಸಿ, ಮೆಲ್ಲನೆ ತಿರುಗಿಸಿ, ಯಾವ ವೇಗಕ್ಕೆ ಅವರಿಗೆ ಇರುಸುಮುರುಸಾಗುತ್ತದೆ ಎಂದು ಪರೀಕ್ಷೆ ಮಾಡಿದರು. ಅಂದರೆ ಅವರ ಲೆಕ್ಕದಲ್ಲಿ ಉಕ್ಕು, ಗಾಳಿಗಳ ಜೊತೆಗೆ ನಿದ್ದೆ ಮಾಡುವ ಒಬ್ಬ ಮನುಷ್ಯನೂ ಇದ್ದ. ಮನೆ ಅಂದರೇನೆಂದು ಗೊತ್ತಿದ್ದವರಿಗೆ ಮಾತ್ರ ಇಂಥ ಪ್ರಶ್ನೆ ಹೊಳೆಯುತ್ತದೆ ಎಂದು ನನ್ನ ಅನಿಸಿಕೆ.

ಜೆಡ್ಡಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್ಲೂ ಹೀಗೆಯೇ. ವರ್ಷದಲ್ಲಿ ಕೆಲವೇ ವಾರ ಲಕ್ಷಾಂತರ ಯಾತ್ರಿಕರು ಬಂದಿಳಿಯುವ ಜಾಗ. ಮರುಭೂಮಿಯ ಬಿಸಿಲು. ಏರ್ ಕಂಡೀಷನ್ ಹಾಕಿದ ಭಾರಿ ಕಟ್ಟಡ ಕಟ್ಟುವ ಬದಲು 45 ಮೀಟರ್ ಚೌಕದ 210 ಡೇರೆಗಳನ್ನು ಉಕ್ಕಿನ ಕಂಬಗಳಿಂದ ತೂಗುಹಾಕಿದರು. ಡೇರೆಯ ಬಟ್ಟೆ ಫೈಬರ್ ಗ್ಲಾಸಿನದು, ಮೇಲೆ ಟೆಫ್ಲಾನ್ ಲೇಪನ. ಬಿಸಿಗಾಳಿ ತುದಿಯ ಕಿಂಡಿಯಿಂದ ಹೊರಹೋಗುತ್ತದೆ, ಬದಿಗಳೆಲ್ಲ ತೆರೆದೇ ಇವೆ. 1981ರಲ್ಲಿ ತೆರೆದ ಈ ಟರ್ಮಿನಲ್‌ಗೆ 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಾಗ ಖಾನ್ ಇರಲಿಲ್ಲ. ತಮ್ಮ ಡೇರೆಗಳು ನಿಂತ ಊರಿನಲ್ಲೇ ಹಿಂದಿನ ವರ್ಷ ತೀರಿಕೊಂಡಿದ್ದರು.

ಮನೆಯ ಕಡೆ

ಇತ್ತ ನೆಂಟರ ಪಂಕ್ತಿಗೆ ಬಂದರೆ ಸಿಗುವುದು ರವೀಂದ್ರರ ಹಾಡು ಹೇಳುವ ಬಂಗಾಳಿ. ಪತ್ನಿ ಆಸ್ಟ್ರಿಯಾ ಮೂಲದವರು. ಮನೆ ಶಿಕಾಗೊದಲ್ಲಿ, ಹಾಡು ಮಾತ್ರ ಬಂಗಾಳಿಯಲ್ಲೇ. ಹೊರನಾಡಿಗೆ ಹೋದ ನಮ್ಮವರ ಮನೆಗಳಲ್ಲಿ ದಾಸರ ಪದ ಉಳಿದ ಹಾಗೆ.

1971ರಲ್ಲಿ ಪೂರ್ವ ಬಂಗಾಳದಲ್ಲಿ ಯುದ್ಧ ಶುರುವಾದಾಗ ಅವರು ಎತ್ತರದ ಕಟ್ಟಡಗಳ ಕೆಲಸದಲ್ಲಿ ಮುಳುಗಿದ್ದರು. ಆದರೂ ಶಿಕಾಗೊದ ಬಂಗಾಳಿಗಳನ್ನು ಸೇರಿಸಿ ಎರಡು ಸಂಸ್ಥೆ ಕಟ್ಟಿದರು. ಒಂದು ಸಂತ್ರಸ್ತರಿಗೆ ನೆರವು ಕಳಿಸಲು, ಇನ್ನೊಂದು ಅಮೆರಿಕದ ಜನಾಭಿಪ್ರಾಯವನ್ನು ಬಾಂಗ್ಲಾದೇಶದ ಕಡೆ ತಿರುಗಿಸಲು. 1999ರಲ್ಲಿ ಬಾಂಗ್ಲಾದೇಶ ಅವರಿಗೆ ಮರಣೋತ್ತರವಾಗಿ ಸ್ವಾತಂತ್ರ್ಯ ದಿನದ ಪ್ರಶಸ್ತಿ ಕೊಟ್ಟಿತು, ಅಂಚೆಚೀಟಿ ಹೊರಡಿಸಿತು.

ಅವರ ಮಾತೊಂದನ್ನು ಎಲ್ಲರೂ ಉದ್ಧರಿಸುತ್ತಾರೆ: ತಂತ್ರಜ್ಞ ತನ್ನ ತಂತ್ರಜ್ಞಾನದಲ್ಲೇ ಕಳೆದುಹೋಗಬಾರದು, ಬದುಕನ್ನು ಸವಿಯಲು ಅವನಿಗೆ ಬರಬೇಕು, ಬದುಕೆಂದರೆ ಕಲೆ, ನಾಟಕ, ಸಂಗೀತ, ಎಲ್ಲಕ್ಕಿಂತ ಮುಖ್ಯವಾಗಿ ಜನ. ಮಾತು ಚೆನ್ನಾಗಿದೆ. ಆದರೆ ಇಂಥ ಮಾತು ಯಾರು ಬೇಕಾದರೂ ಆಡಬಹುದು. ಮ್ಯೂಸಿಯಂನ ತಿರುಗುವ ವೇದಿಕೆಯ ಪಕ್ಕದಲ್ಲಿ ಇಟ್ಟು ಓದಿದಾಗ ಅದಕ್ಕೆ ತೂಕ ಬರುತ್ತದೆ. ಬಿಡಿಯಾಗಿ ಓದಿದರೆ ಅದು ಕ್ಯಾಲೆಂಡರಿನ ಕೆಳಗೆ ಹಾಕುವ ಸುಭಾಷಿತ. ನನ್ನ ಕರಡಿನ ದೋಷ ಎಲ್ಲಿತ್ತು ಎಂಬುದು ಇಲ್ಲಿ ಹೊಳೆಯಿತು. ನಾನು ಗುಣಗಳನ್ನು ಬರೆದಿದ್ದೆ, ಗುಣ ಕಾಣಿಸಿಕೊಂಡ ಕೆಲಸವನ್ನು ಬರೆದಿರಲಿಲ್ಲ.

ನೆನಪು ನಿಂತ ಬಗೆ

ಸತ್ತ ಮೇಲೆ ಊರು ಮಾಡಿದ್ದು ಬಹಳ. ಅವರ ಕೊನೆಯ ಯೋಜನೆಗಳಲ್ಲೊಂದಾದ 58 ಅಂತಸ್ತಿನ ಆಂಟೇರಿ ಸೆಂಟರ್ 1986ರಲ್ಲಿ ಮುಗಿದಾಗ ಅದನ್ನು ಅವರ ನೆನಪಿಗೆ ಅರ್ಪಿಸಿದರು. ಅದರ ಮುಖದ ಮೇಲೂ ಓರೆ ಗೆರೆ ಇದೆ. ಆದರೆ ಉಕ್ಕಿನದಲ್ಲ: ಓರೆಯಾಗಿ ಸಾಲುಹಿಡಿದ ಕಿಟಕಿಗಳ ಜಾಗವನ್ನು ಕಾಂಕ್ರೀಟಿನಿಂದ ಮುಚ್ಚಿ ಮಾಡಿದ್ದು. ಶಿಲ್ಪಿ ಕಾರ್ಲೋಸ್ ಮರಿನಾಸ್ ಮಾಡಿದ ಶಿಲ್ಪ ಸಿಯರ್ಸ್ ಕಟ್ಟಡ ಸೇರಿತು. 1998ರಲ್ಲಿ ಶಿಕಾಗೊ ನಗರ ಆ ಕಟ್ಟಡದ ಬುಡದಲ್ಲಿರುವ ಕೂಡುರಸ್ತೆಗೆ ಅವರ ಹೆಸರಿಟ್ಟಿತು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಪೀಠ, ಎತ್ತರದ ಕಟ್ಟಡಗಳ ಅಂತರರಾಷ್ಟ್ರೀಯ ಮಂಡಳಿಯಲ್ಲಿ ಅವರ ಹೆಸರಿನ ಪದಕ, 2017ರ ಹುಟ್ಟುಹಬ್ಬಕ್ಕೆ ಗೂಗಲ್ ಡೂಡಲ್.

ಇವೆಲ್ಲ ಬೇಕು, ಬೇಡವೆನ್ನಲಾರೆ. ಆದರೆ ಹೆಸರಿಡುವುದರಿಂದ ನೆನಪು ಉಳಿಯುತ್ತದೆಯೇ? ನಮ್ಮ ವಿಶ್ವೇಶ್ವರಯ್ಯನವರನ್ನೇ ನೋಡಿ. ಕಾಲೇಜು, ರೈಲು ನಿಲ್ದಾಣ, ವಿಶ್ವವಿದ್ಯಾಲಯ, ಬಡಾವಣೆ, ಎಲ್ಲಕ್ಕೂ ಅವರ ಹೆಸರೇ. ಸೆಪ್ಟೆಂಬರ್ 15 ಬಂತೆಂದರೆ ಪೇಟದ ಫೋಟೊಗೆ ಹಾರ. ಆದರೆ 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರು ಕೂರಿಸಿದ ಸ್ವಯಂಚಾಲಿತ ತೂಬಿನ ಬಾಗಿಲು ಯಾರ ಕೈಯೂ ತಾಗದೆ, ನೀರು ಏರಿದಾಗ ತಾನೇ ತೆರೆದು ಇಳಿದಾಗ ತಾನೇ ಮುಚ್ಚುತ್ತಿದ್ದದ್ದು ಹೇಗೆ ಎಂದು ಆ ಹಾರ ಹಾಕುವವರಲ್ಲಿ ಒಬ್ಬರನ್ನು ಕೇಳಿ. ಹೆಸರು ಬೋರ್ಡಿನಲ್ಲಿದೆ, ಕೆಲಸ ಮರೆತಿದೆ.

ಖಾನ್ ಅವರದು ತಿರುವುಮುರುವು. ಕೆಲಸ ಎಲ್ಲರ ಕಣ್ಣೆದುರೇ ಇದೆ, ಆ ಕಟ್ಟಡಗಳ ಬೋರ್ಡಿನಲ್ಲಿ ಅವರ ಹೆಸರು ಯಾವತ್ತೂ ಇರಲಿಲ್ಲ. ಮಾಲೀಕ ಕಂಪನಿಗಳ ಹೆಸರಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ಸಿಯರ್ಸ್ ಟವರ್ 2009ರಲ್ಲಿ ವಿಲ್ಲಿಸ್ ಟವರ್ ಆಯಿತು. ಜಾನ್ ಹ್ಯಾನ್ಕಾಕ್ 2018ರಲ್ಲಿ ಬರಿಯ ಬಾಗಿಲ ಸಂಖ್ಯೆಯಾಯಿತು: 875 ನಾರ್ತ್ ಮಿಷಿಗನ್ ಅವೆನ್ಯೂ. 2009ರ ಜೂನ್‌ನಲ್ಲಿ ಅಧ್ಯಕ್ಷ ಒಬಾಮ ಕೈರೋದಲ್ಲಿ ಭಾಷಣ ಮಾಡುತ್ತ, ಅಮೆರಿಕದ ಮುಸ್ಲಿಮರು ನಮ್ಮ ಅತಿ ಎತ್ತರದ ಕಟ್ಟಡ ಕಟ್ಟಿದ್ದಾರೆ ಎಂದರು. ಲೋಕವೆಲ್ಲ ಕೇಳಿಸಿಕೊಂಡ ಆ ಮಾತಿನಲ್ಲೂ ಹೆಸರು ಬರಲಿಲ್ಲ. ಒಬಾಮ ಶಿಕಾಗೊದವರು, ಆ ಕಟ್ಟಡದ ನೆರಳಿನಲ್ಲಿ ಓಡಾಡಿದವರು.

ಹಾಗಾದರೆ ಇಷ್ಟು ವಿವರವಾಗಿ ನನ್ನಂಥವನಿಗೆ ಅವರು ಸಿಕ್ಕದ್ದು ಹೇಗೆ? ಮಗಳಿಂದ. ಯಾಸ್ಮಿನ್ ಸಬೀನಾ ಖಾನ್ ಅಪ್ಪನ ಕಸುಬನ್ನೇ ಕಲಿತು ಸ್ಟ್ರಕ್ಚರಲ್ ಎಂಜಿನಿಯರ್ ಆದರು. ಅಪ್ಪ ಹೋದ ಇಪ್ಪತ್ತೆರಡು ವರ್ಷದ ಮೇಲೆ, 2004ರಲ್ಲಿ, ಅವರ ಕೆಲಸದ ಮೇಲೆ ಒಂದು ಪುಸ್ತಕ ತಂದರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಮಕ್ಕಳು ಬರೆದ ಅಪ್ಪನ ಜೀವನಚರಿತ್ರೆಗಳಿಗೆ ಕೊರತೆಯಿಲ್ಲ, ಅವು ಬಹುಪಾಲು ಮೊದಲ ಪಂಕ್ತಿಯವು. ಶಿಷ್ಯರು ಬರೆದ ಅಭಿನಂದನ ಗ್ರಂಥಗಳಿಗೂ ಬರವಿಲ್ಲ, ಅವು ಎರಡನೆಯ ಪಂಕ್ತಿಯವು. ಇವರು ಎರಡೂ ಕಡೆ ಕೂತು ಉಂಡವರು. ಒಂದು ಕಟ್ಟಡದಲ್ಲಿ ಕಂಬ ಅಲ್ಲೇ ಏಕೆ ಬಂತು, ಇಲ್ಲೇಕೆ ಬರಲಿಲ್ಲ ಎಂದು ಕೇಳಿಕೊಳ್ಳುವಷ್ಟು ವಿದ್ಯೆ ಅವರಿಗೆ ಇತ್ತು. ಆ ಮನುಷ್ಯ ಮನೆಯಲ್ಲಿ ಹೇಗಿದ್ದ ಎಂಬ ನೆನಪೂ ಇತ್ತು. ಅಪ್ಪನ ಲೆಕ್ಕವನ್ನು ಓದಬಲ್ಲ ಮಗಳು ಎಷ್ಟು ಜನ ಎಂಜಿನಿಯರರಿಗೆ ಸಿಗುತ್ತಾಳೆ?

ಎಲ್ಲರ ಮಕ್ಕಳೂ ಎಂಜಿನಿಯರ್ ಆಗಬೇಕು ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಆಗಲೇ ಸಾಕಷ್ಟಿದ್ದಾರೆ. ಹೇಳುತ್ತಿರುವುದು ಇಷ್ಟೇ. ನಡುವೆ ಒಬ್ಬರು ಬೇಕು, ಆ ಕಡೆಯ ಮಾತನ್ನು ಈ ಕಡೆಗೆ ತಿಳಿಯುವಂತೆ ದಾಟಿಸುವವರು. ಖಾನ್ ಅವರ ಮನೆಯಲ್ಲಿ ಅದು ತಾನಾಗಿ ಒದಗಿತು. ನನ್ನ ಹಿರಿಯರ ಮನೆಯಲ್ಲಿ ಒದಗಿರಲಿಲ್ಲ, ಹಾಗಾಗಿ ಆ ಎರಡು ಪುಟ ನನ್ನ ತಲೆಗೆ ಬಂತು.

ಇದರಲ್ಲೂ ಬಿಟ್ಟುಹೋದದ್ದು

ಪ್ರಕರಣ ಪೂರ್ತಿ ಸುಖಾಂತ್ಯದ್ದಲ್ಲ. ಒಬ್ಬರನ್ನು ನೆನೆಯಲು ಕೂತಾಗ ಪಕ್ಕದವರು ಮಸುಕಾಗುತ್ತಾರೆ. ಹ್ಯಾನ್ಕಾಕ್ ಮತ್ತು ಸಿಯರ್ಸ್ ಎರಡರಲ್ಲೂ ಖಾನ್ ಜೊತೆ ದುಡಿದ, ಭಾರತದಿಂದಲೇ ಹೋದ ಒಬ್ಬ ಎಂಜಿನಿಯರ್ ಇದ್ದರು, ಶ್ರೀನಿವಾಸ ಅಯ್ಯಂಗಾರ್. ಅಲ್ಲಿನವರು ಹ್ಯಾಲ್ ಅಯ್ಯಂಗಾರ್ ಎಂದು ಕರೆಯುತ್ತಿದ್ದರು. ಮುಂದೆ ಸ್ಪೇನಿನ ಬಿಲ್ಬಾವೊದ ಗುಗ್ಗನ್‌ಹೈಮ್ ಮ್ಯೂಸಿಯಂನ ಸೊಟ್ಟಂಬಟ್ಟ ಮೈಯೊಳಗಿನ ಉಕ್ಕಿನ ಅಸ್ಥಿಪಂಜರದಲ್ಲೂ ಅವರ ಕೈಯಿದೆ. ನಮ್ಮಲ್ಲಿ ಅಯ್ಯಂಗಾರ್ ಎಂದರೆ ಬೇಕರಿ ನೆನಪಾಗುತ್ತದೆಯೇ ಹೊರತು 442 ಮೀಟರ್ ಎತ್ತರದ ಕಟ್ಟಡವಲ್ಲ. ಗ್ರಹಾಂ ಹೆಸರು ವಾಸ್ತುಶಿಲ್ಪಿಗಳಿಗೆ ಗೊತ್ತು, ಖಾನ್ ಹೆಸರು ಎಂಜಿನಿಯರರಿಗೆ ಗೊತ್ತು. ಮೂರನೆಯವರ ಹೆಸರು ಗೊತ್ತಿರುವವರನ್ನು ಹುಡುಕಬೇಕು.

ಇನ್ನು ಬೆಸುಗೆ ಹಾಕಿದವರು, ನಟ್ಟು ಬಿಗಿದವರು, ಅಷ್ಟೆತ್ತರದ ಗಾಳಿಯಲ್ಲಿ ತೊಲೆಯ ಮೇಲೆ ನಡೆದವರು. ಅವರ ಮಾತು ಎತ್ತಿದರೆ ಈ ಬರಹ ಮುಗಿಯುವುದಿಲ್ಲ.

ನನ್ನ ಎರಡು ಪುಟ

ಮತ್ತೆ ಬರೆಯಲು ಕೂತಾಗ ಹಿರಿಯರ ಗುಣಗಳನ್ನೆಲ್ಲ ಹೊಡೆದುಹಾಕಿ ಒಂದೇ ಕೆಲಸ ಆರಿಸಿಕೊಂಡೆ. ಅವರ ಮನೆಯಿಂದ ಎರಡು ಬೀದಿ ಆಚೆ ಒಂದು ನೀರಿನ ಟ್ಯಾಂಕಿದೆ. ಎಂಟು ಕಂಬ, ಮೇಲೆ ದುಂಡನೆಯ ತೊಟ್ಟಿ. ಲೆಕ್ಕ ಹಾಕಿದ್ದು ಅವರು, ನಾನು ಆಗ ಅವರ ಪಕ್ಕದಲ್ಲಿ ಕೂತು ಕ್ಯಾಲ್ಕುಲೇಟರ್ ಒತ್ತುತ್ತಿದ್ದ ಹುಡುಗ. ಬರೆಯುವ ಮೊದಲು ಅವರ ಮಗಳನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋದೆ.

"ನಿಮ್ಮ ಮನೆ ನಲ್ಲಿಗೆ ಇದರ ನೀರೇ ಬರೋದು, ಗೊತ್ತಾ?" ಎಂದೆ. ಗೊತ್ತಿರಲಿಲ್ಲ. ಕಂಬಗಳ ನಡುವೆ ಮೂರು ಹಂತದಲ್ಲಿ ಸುತ್ತಲೂ ಇರುವ ಅಡ್ಡ ತೊಲೆಗಳನ್ನು ತೋರಿಸಿದೆ. ಭಾರ ಹೊರಲು ಅವು ಬೇಕಿಲ್ಲ, ಕಂಬಗಳೇ ಹೊರುತ್ತವೆ. ಪಕ್ಕದಿಂದ ಗಾಳಿ ತಳ್ಳಿದರೆ, ನೆಲ ನಡುಗಿದರೆ ಎಂಟು ಕಂಬ ಎಂಟು ದಿಕ್ಕು ನೋಡದೆ ಒಂದೇ ಮೈಯಾಗಿ ನಿಲ್ಲಲಿ ಎಂದು ಆ ತೊಲೆ. ಗುತ್ತಿಗೆದಾರ ಎರಡು ಹಂತ ಸಾಕು ಎಂದು ಹಟ ಹಿಡಿದಿದ್ದ. ಇವರು ಮೂರೇ ಎಂದು ಮೂರು ವಾರ ಬಿಲ್ಲಿಗೆ ಸಹಿ ಹಾಕದೆ ಕೂತಿದ್ದರು. ಅಷ್ಟು ದಿನ ಮನೆಯಲ್ಲಿ ಸಿಡುಕುತ್ತಿದ್ದಿರಬೇಕು ಎಂದೆ.

ಅವಳು ಕೊರಳೆತ್ತಿ ಒಂದೊಂದೇ ಹಂತ ಎಣಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ರಿಟೈರ್ ಆದ್ಮೇಲೆ ದಿನಾ ಸಾಯಂಕಾಲ ವಾಕಿಂಗ್ ಕರ್ಕೊಂಡು ಬರ್ತಿದ್ದೆ. ಸರಿಯಾಗಿ ಇಲ್ಲೇ ನಿಂತ್ಕೋತಿದ್ರು, ಅಂಕಲ್. ನಾನು ಮಂಡಿನೋವು ಅಂದ್ಕೊಂಡಿದ್ದೆ."